ಹೊರಗಿನವರ ಕೈ ರಾಜಕೀಯದೊಳಗೆ ಬರೋದು ಯಾವ ಬಾಗಿಲಿಂದ?

ಹಳೇಕಡತ (ಚರ್ಚೆ ಶುರು ಮಾಡಿದವರು)

ಒಂದು ವಾರದಿಂದ ಗುಂಟರ್ ಗಿಯೋಮ್ ಪ್ರಕರಣ ಓದುತ್ತಿದ್ದೇನೆ. ಮಲಗಿದರೂ ಅದೇ ತಲೆಯಲ್ಲಿ ಓಡುತ್ತಿದೆ. ನಿಮ್ಮ ಜೊತೆ ಮಾತಾಡಿದರೆ ಒಂದು ದಾರಿಗೆ ಬಂದೀತು ಅಂತ ಇಲ್ಲಿ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ಗೊತ್ತಿಲ್ಲದವರಿಗೆ ಕಥೆ ಹೇಳಿಬಿಡುತ್ತೇನೆ. 1956ರಲ್ಲಿ ಪೂರ್ವ ಜರ್ಮನಿಯಿಂದ ಗಂಡ ಹೆಂಡತಿ ಇಬ್ಬರು ಪಶ್ಚಿಮ ಜರ್ಮನಿಗೆ ಬಂದರು. ನಿರಾಶ್ರಿತರು ಅಂತ ಹೇಳಿಕೊಂಡರು. ಆಗ ಲಕ್ಷಗಟ್ಟಲೆ ಜನ ಹಾಗೆ ಬರುತ್ತಿದ್ದರು, ಯಾರಿಗೂ ಅನುಮಾನ ಬರಲಿಲ್ಲ. ಇಬ್ಬರೂ ಪೂರ್ವ ಜರ್ಮನಿಯ ಗೂಢಚಾರ ಸಂಸ್ಥೆ ಸ್ಟಾಸಿ ಕಳಿಸಿದವರು. ಫ್ರಾಂಕ್‌ಫರ್ಟ್‌ನಲ್ಲಿ ಮನೆ ಮಾಡಿದರು, ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸೇರಿದರು. ಗಿಯೋಮ್ ಪಕ್ಷದ ಕೆಲಸವನ್ನು ಮೈಮುರಿದು ಮಾಡಿದ. ಮೆಟ್ಟಿಲು ಹತ್ತುತ್ತಾ ಹೋದ. 1970ಕ್ಕೆ ಚಾನ್ಸೆಲರ್ ಅಂದರೆ ಸರ್ಕಾರದ ಮುಖ್ಯಸ್ಥರ ಕಚೇರಿಯೊಳಗೆ ಇದ್ದ. 1972ರಲ್ಲಿ ಚಾನ್ಸೆಲರ್ ವಿಲ್ಲಿ ಬ್ರಾಂಟ್ ಅವರ ಆಪ್ತ ಸಹಾಯಕ ಆದ. ಪಕ್ಷದ ಸಭೆ, ಪ್ರವಾಸ, ಯಾರನ್ನು ಯಾವಾಗ ಭೇಟಿ ಮಾಡಬೇಕು ಅನ್ನೋದೆಲ್ಲ ಇವನ ಕೈಯಲ್ಲಿ. 1973ರ ಬೇಸಿಗೆಯಲ್ಲಿ ಬ್ರಾಂಟ್ ಕುಟುಂಬದ ಜೊತೆ ನಾರ್ವೆಗೆ ರಜೆಗೆ ಹೋದಾಗ ಇವನೂ ಜೊತೆಗಿದ್ದ. ಚಾನ್ಸೆಲರ್‌ಗೆ ಬರುವ ಟೆಲೆಕ್ಸ್ ಸಂದೇಶಗಳು ಇವನ ಕೈ ದಾಟಿ ಹೋಗುತ್ತಿದ್ದವು.

1974ರ ಏಪ್ರಿಲ್ 24ರ ಬೆಳಗಿನ ಜಾವ ಬಂಧನ ಆಯಿತು. ಮೇ 6ಕ್ಕೆ ಬ್ರಾಂಟ್ ರಾಜೀನಾಮೆ ಕೊಟ್ಟರು. ಪೂರ್ವ ಪಶ್ಚಿಮದ ನಡುವೆ ಹಗೆ ಕಡಿಮೆ ಮಾಡಿದ್ದಕ್ಕೆ 1971ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮನುಷ್ಯ ಇವರು.

ನನ್ನನ್ನು ಕಾಡುತ್ತಿರುವ ಸಂಗತಿ ಇನ್ನೊಂದಿದೆ. 1972ರ ಏಪ್ರಿಲ್ 27ರಂದು ಇದೇ ಬ್ರಾಂಟ್ ವಿರುದ್ಧ ಅವಿಶ್ವಾಸ ಮತ ಬಂದಿತ್ತು. ಗೆಲ್ಲಲು ವಿರೋಧ ಪಕ್ಷಕ್ಕೆ 249 ಮತ ಬೇಕಿತ್ತು. ಬಿದ್ದಿದ್ದು 247. ಎರಡೇ ಮತದಲ್ಲಿ ಸರ್ಕಾರ ಉಳಿಯಿತು. ವಿರೋಧ ಪಕ್ಷದ ಯೂಲಿಯಸ್ ಸ್ಟೈನರ್ ಅನ್ನೋ ಸದಸ್ಯನಿಗೆ 50,000 ಮಾರ್ಕ್ ಕೊಟ್ಟಿದ್ದು ನಾವೇ ಅಂತ ಸ್ಟಾಸಿಯ ವಿದೇಶಿ ವಿಭಾಗ ನಡೆಸಿದ ಮಾರ್ಕುಸ್ ವುಲ್ಫ್ ಬಹಳ ವರ್ಷ ಆದಮೇಲೆ ಹೇಳಿದರು. ಅಂದರೆ 1972ರಲ್ಲಿ ಬ್ರಾಂಟ್ ಅವರನ್ನು ಉಳಿಸಲು ದುಡ್ಡು ಸುರಿದ ಸಂಸ್ಥೆಯ ಮನುಷ್ಯನೇ ಎರಡು ವರ್ಷದಲ್ಲಿ ಅವರ ಕುರ್ಚಿ ಹೋಗಲು ಕಾರಣ ಆದ. ಬ್ರಾಂಟ್ ಬೀಳಬೇಕು ಅಂತ ನಮಗೆ ಇರಲೇ ಇಲ್ಲ ಅಂತಲೂ ವುಲ್ಫ್ ಹೇಳಿದ್ದಾರೆ.

ಗೂಢಚಾರ ಅಂದ ಕೂಡಲೇ ನಮಗೆ ಕದ್ದ ನಕ್ಷೆ, ರಹಸ್ಯ ಕ್ಯಾಮೆರಾ ನೆನಪಾಗುತ್ತೆ, ಅಲ್ವಾ? ಗಿಯೋಮ್ ದಿನವೂ ಮಾಡುತ್ತಿದ್ದದ್ದು ಒಬ್ಬ ಒಳ್ಳೆ ಕಾರ್ಯಕರ್ತನ ಕೆಲಸ. ಅವನು ಯಾವ ಬೀಗವನ್ನೂ ಒಡೆಯಲಿಲ್ಲ. ಬಾಗಿಲು ತೆರೆದೇ ಇತ್ತು. ಸ್ಟೈನರ್ ಕೂಡ ಮಾರಾಟಕ್ಕೆ ಸಿಕ್ಕಿದ್ದಕ್ಕೇ ಕೊಳ್ಳಲಾಯಿತು. ನನ್ನ ನಂಬಿಕೆ ಇಷ್ಟು: ಹೊರಗಿನವರು ಬಿರುಕು ಹುಟ್ಟಿಸೋದು ಬಹಳ ಕಡಿಮೆ. ಇರುವ ಬಿರುಕಿಗೆ ಬೆರಳು ಹಾಕಿ ಅಗಲ ಮಾಡುತ್ತಾರೆ. ಹಾಗಿದ್ದರೆ ನಾವು ಕಾಯಬೇಕಾದ್ದು ಏನನ್ನು? ಇನ್ನೊಂದು ಪ್ರಶ್ನೆ: ಹದಿನೇಳು ವರ್ಷಕ್ಕೂ ಹೆಚ್ಚು ಕಾಲ ಒಬ್ಬರ ಕಣ್ಣಿಗೂ ಬೀಳಲಿಲ್ಲ ಅಂದರೆ ಹೇಗೆ?

ನೀಲಿಶಾಯಿ

ಬಿರುಕಿನ ಮಾತು ಹೇಳಿದಿರಲ್ಲ, ಅದಕ್ಕೆ ಒಂದು ಚಿತ್ರ ಕೊಡುತ್ತೇನೆ.

2016ರ ಮೇ 21. ಅಮೆರಿಕದ ಹ್ಯೂಸ್ಟನ್. ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ರಸ್ತೆ. ರಸ್ತೆಯ ಈ ಕಡೆ ಒಂದು ಗುಂಪು, 'ಟೆಕ್ಸಾಸ್‌ನ ಇಸ್ಲಾಮೀಕರಣ ನಿಲ್ಲಿಸಿ' ಅಂತ ಕೂಗುತ್ತಿದೆ. ಆ ಕಡೆ ಇನ್ನೊಂದು ಗುಂಪು, ಅದನ್ನು ವಿರೋಧಿಸಿ ನಿಂತಿದೆ. ನಡುವೆ ಪೊಲೀಸರು. ಮೊದಲ ಗುಂಪನ್ನು ಕರೆದಿದ್ದು 'ಹಾರ್ಟ್ ಆಫ್ ಟೆಕ್ಸಾಸ್' ಅನ್ನೋ ಫೇಸ್‌ಬುಕ್ ಪುಟ. ಅದೇ ದಿನ, ಅದೇ ಜಾಗದಲ್ಲಿ ಸೇರಿ ಅಂತ ಇನ್ನೊಂದು ಕಡೆಯವರನ್ನು ಕರೆದಿದ್ದು 'ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ' ಅನ್ನೋ ಪುಟ. ಎರಡೂ ಪುಟ ನಡೆಯುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದೇ ಸಂಸ್ಥೆಯಿಂದ, ಇಂಟರ್ನೆಟ್ ರಿಸರ್ಚ್ ಏಜೆನ್ಸಿಯಿಂದ. ಇದಕ್ಕೆ ಜಾಹೀರಾತಿಗೆ ಆದ ಖರ್ಚು ಸುಮಾರು 200 ಡಾಲರ್ ಅಂತ ಮುಂದಿನ ವರ್ಷ ಸೆನೆಟ್ ಗುಪ್ತಚರ ಸಮಿತಿಯ ವಿಚಾರಣೆಯಲ್ಲಿ ಹೊರಬಂತು.

ಅಲ್ಲಿ ನಿಂತ ಜನ ನಕಲಿ ಅಲ್ಲ, ಅವರ ಸಿಟ್ಟು ಕೂಡ ನಕಲಿ ಅಲ್ಲ. ಕರೆದವರು ಮಾತ್ರ ನಕಲಿ. ಹೊತ್ತಿಸಿದವರು ಸಾವಿರಾರು ಮೈಲಿ ದೂರ ಕೂತಿದ್ದರು. ನಿಮ್ಮ ಗಿಯೋಮ್‌ಗೆ ಕಚೇರಿಯೊಳಗೆ ಕಾಲಿಡಲು ಹದಿನಾಲ್ಕು ವರ್ಷ ಬೇಕಾಯಿತು. ಇವರು ಆ ದೇಶಕ್ಕೆ ಬರಲೂ ಬೇಕಾಗಲಿಲ್ಲ.

ಹಾಗಾಗಿ ಎರಡನ್ನು ಬೇರೆ ಬೇರೆ ಇಟ್ಟುಕೊಂಡು ಮಾತಾಡೋಣ. ಬೇಹುಗಾರಿಕೆ ಅಂದರೆ ಒಳಗಿನ ಸುದ್ದಿ ಹೊರಗೆ ಹೋಗೋದು. ಪ್ರಭಾವ ಬೀರೋದು ಅಂದರೆ ಹೊರಗಿನ ಇಷ್ಟ ಒಳಗೆ ಬರೋದು, ಅದೂ ಮುಖ ಮುಚ್ಚಿಕೊಂಡು. ಕೆಲವು ಸಲ ಒಂದೇ ಮನುಷ್ಯ ಎರಡನ್ನೂ ಮಾಡುತ್ತಾನೆ. ಆದರೆ ಹಿಡಿಯುವ ದಾರಿ ಬೇರೆ, ಕಾನೂನೂ ಬೇರೆ.

ಅಳತೆಗೋಲು

ಚರ್ಚೆ ಚೆನ್ನಾಗಿದೆ. ಆದರೆ ಒಂದು ಅನುಮಾನ ಮೊದಲೇ ಇಡುತ್ತೇನೆ. ಹೊರಗಿನವರು ಪ್ರಯತ್ನ ಮಾಡಿದರು ಅನ್ನೋದು ಒಂದು ಮಾತು. ಅದರಿಂದಲೇ ಫಲಿತಾಂಶ ಬದಲಾಯಿತು ಅನ್ನೋದು ಇನ್ನೊಂದು. ಇವೆರಡನ್ನು ನಾವು ಸುಮ್ನೆ ಕಲಸಿಬಿಡುತ್ತೇವೆ.

ಬ್ರಿಟನ್ನಿನ ಜಿನೋವಿಯೇವ್ ಪತ್ರ ನೋಡಿ. 1924ರ ಅಕ್ಟೋಬರ್ 29ಕ್ಕೆ ಚುನಾವಣೆ. ನಾಲ್ಕು ದಿನ ಮೊದಲು ಡೈಲಿ ಮೇಲ್ ಪತ್ರಿಕೆ ಒಂದು ಪತ್ರ ಅಚ್ಚು ಹಾಕಿತು. ಮಾಸ್ಕೋದಿಂದ ಸೋವಿಯತ್ ನಾಯಕ ಜಿನೋವಿಯೇವ್ ಬ್ರಿಟಿಷ್ ಕಮ್ಯುನಿಸ್ಟರಿಗೆ ಬರೆದು, ದಂಗೆಗೆ ತಯಾರಾಗಿ ಅಂದಂತೆ ಇತ್ತು ಅದು. ಅಧಿಕಾರದಲ್ಲಿದ್ದ ಲೇಬರ್ ಪಕ್ಷ ಸೋತಿತು. ಆ ಪತ್ರದಿಂದಲೇ ಸೋತೆವು ಅಂತ ಆ ಪಕ್ಷದವರು ದಶಕಗಟ್ಟಲೆ ನಂಬಿದ್ದರು. ಲೆಕ್ಕ ತೆಗೆದರೆ ಲೇಬರ್ ಪಕ್ಷದ ಸೀಟು 191ರಿಂದ 151ಕ್ಕೆ ಇಳಿದಿದ್ದು ನಿಜ, ಆದರೆ ಮತ ಸುಮಾರು 10 ಲಕ್ಷ ಜಾಸ್ತಿಯೇ ಆಗಿತ್ತು. ನಿಜವಾಗಿ ನೆಲಕಚ್ಚಿದ್ದು ಲಿಬರಲ್ ಪಕ್ಷ. 158ರಿಂದ 40ಕ್ಕೆ ಬಂತು. ಅವರ ಮತ ಕನ್ಸರ್ವೇಟಿವ್ ಕಡೆಗೆ ಹರಿದಿತ್ತು.

ಇನ್ನೂ ಒಂದು. 1999ರಲ್ಲಿ ಬ್ರಿಟಿಷ್ ವಿದೇಶಾಂಗ ಕಚೇರಿಯ ಇತಿಹಾಸಕಾರರೇ ಕಡತ ತೆಗೆದು ನೋಡಿ, ಆ ಪತ್ರ ಹೆಚ್ಚೂಕಡಿಮೆ ಖಂಡಿತ ನಕಲಿ ಅಂದರು. ಅಂದರೆ 'ವಿದೇಶಿ ಸಂಚು ಬಯಲಾಯಿತು' ಅಂತ ಊದಿದ ಸುದ್ದಿಯೇ ಸಂಚಾಗಿತ್ತು. ಇದನ್ನು ಯಾರೂ ಮರೆಯಬಾರದು ಅಂತ ನನ್ನ ಆಸೆ.

ಹಳೇಕಡತ

ಅಳತೆಗೋಲು ಸರ್, ಒಪ್ಪಿದೆ. ಫಲಿತಾಂಶ ಬದಲಾಯಿತು ಅಂತ ಸಾಬೀತು ಮಾಡೋದು ಬಹಳ ಕಷ್ಟ. 247 ಮತದ ಲೆಕ್ಕದಂಥ ಸಂದರ್ಭ ನೂರಕ್ಕೆ ಒಂದು ಸಿಕ್ಕಿದರೆ ದೊಡ್ಡದು. ಆದರೆ ಫಲಿತಾಂಶ ಬದಲಾಗದಿದ್ದರೆ ತಪ್ಪಾಗಲಿಲ್ಲ ಅಂತ ಅಲ್ಲವಲ್ಲ. ಹ್ಯೂಸ್ಟನ್‌ನ ರಸ್ತೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಕೂಗಿದವರಿಗೆ ಅದು ಹೇಗೆ ಮರೆಯುತ್ತೆ?

ಬಾಗಿಲಚಿಲಕ

ನಾನು ಕಂಪ್ಯೂಟರ್ ಭದ್ರತೆಯ ಕೆಲಸದಲ್ಲಿದ್ದೇನೆ. ಹಾಗಾಗಿ ಬಾಗಿಲು ಎಲ್ಲಿ ತೆರೆದಿರುತ್ತೆ ಅನ್ನೋದಕ್ಕೆ ನನ್ನ ಕಡೆಯಿಂದ ಎರಡು ಪ್ರಸಂಗ.

ಒಂದು. 2016ರ ಮಾರ್ಚ್ 19. ಹಿಲರಿ ಕ್ಲಿಂಟನ್ ಪ್ರಚಾರದ ಅಧ್ಯಕ್ಷ ಜಾನ್ ಪೊಡೆಸ್ಟಾಗೆ ಒಂದು ಇಮೇಲ್ ಬಂತು. ಗೂಗಲ್‌ನಿಂದ ಬಂದ ಹಾಗೇ ಇತ್ತು. ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ, ತಕ್ಷಣ ಬದಲಾಯಿಸಿ ಅಂತ ಒಂದು ಬಟನ್. ಕಚೇರಿಯವರು ಅನುಮಾನ ಪಟ್ಟು ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಕೇಳಿದರು. ಅವನು 'ಇದು ಅಸಲಿ ಇಮೇಲ್' ಅಂತ ಉತ್ತರ ಬರೆದ. ಅಸಲಿ ಅಲ್ಲ ಅಂತ ಬರೆಯಬೇಕಿತ್ತು, ಒಂದು ಪದ ತಪ್ಪಿತು ಅಂತ ಆಮೇಲೆ ಹೇಳಿದ. ಅದೇ ಉತ್ತರದಲ್ಲಿ ಗೂಗಲ್‌ನ ಸರಿಯಾದ ವಿಳಾಸವನ್ನೂ ಕೊಟ್ಟಿದ್ದ. ಆದರೆ ಒತ್ತಿದ್ದು ಇಮೇಲ್‌ನಲ್ಲಿದ್ದ ಬಟನ್ ಅನ್ನು. ಐವತ್ತು ಸಾವಿರಕ್ಕೂ ಹೆಚ್ಚು ಇಮೇಲ್ ಕಳ್ಳರ ಕೈ ಸೇರಿತು. ಅಕ್ಟೋಬರ್ 7ರಿಂದ ವಿಕಿಲೀಕ್ಸ್ ಅವನ್ನು ಕಂತು ಕಂತಾಗಿ ಹೊರಬಿಟ್ಟಿತು. 2018ರಲ್ಲಿ ಅಮೆರಿಕ ಇದಕ್ಕಾಗಿ ರಷ್ಯಾ ಸೇನಾ ಗುಪ್ತಚರ ವಿಭಾಗದ 12 ಅಧಿಕಾರಿಗಳ ಮೇಲೆ ಆರೋಪ ಪಟ್ಟಿ ಹಾಕಿತು.

ಈ ಪ್ರಸಂಗ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಆ ಹುಡುಗನ ಜಾಗದಲ್ಲಿ ನಾನೂ ಇರಬಹುದಿತ್ತು. ದಿನಕ್ಕೆ ಅಂಥ ಹತ್ತಾರು ಇಮೇಲ್ ನೋಡಿ ಉತ್ತರ ಬರೆಯುವ ಕೆಲಸ ಅದು.

ಎರಡನೆಯದು ಫ್ರಾನ್ಸ್. 2017ರ ಮೇ 5, ಶುಕ್ರವಾರ ರಾತ್ರಿ. ಅಧ್ಯಕ್ಷ ಚುನಾವಣೆಯ ಕೊನೆಯ ಸುತ್ತಿನ ಮತದಾನಕ್ಕೆ ಎರಡು ದಿನ ಇತ್ತು. ಮ್ಯಾಕ್ರೋನ್ ಪ್ರಚಾರ ತಂಡದ ಸುಮಾರು 9 ಜಿಬಿ ಕಡತಗಳು ಇಂಟರ್ನೆಟ್‌ನಲ್ಲಿ ಬಿದ್ದವು. ಅಲ್ಲಿನ ನಿಯಮದಂತೆ ಮಧ್ಯರಾತ್ರಿಯಿಂದ ಪ್ರಚಾರ ಬಂದ್. ಉತ್ತರ ಕೊಡಲೂ ಸಮಯ ಇರಬಾರದು ಅಂತಲೇ ಆ ಹೊತ್ತು ಆರಿಸಿದಂತಿತ್ತು. ಆದರೆ ತಂಡದವರು ಮೊದಲೇ ತಯಾರಾಗಿದ್ದರು. ಕಳ್ಳರು ಬರುತ್ತಾರೆ ಅಂತ ಗೊತ್ತಿದ್ದು, ಸುಳ್ಳು ಖಾತೆ ತೆರೆದು, ಅದರಲ್ಲಿ ಸುಳ್ಳು ಕಾಗದಪತ್ರ ತುಂಬಿಸಿಟ್ಟಿದ್ದರು. ಮಧ್ಯರಾತ್ರಿಗೆ ಸ್ವಲ್ಪ ಮೊದಲು, ಹೊರಬಂದದ್ದರಲ್ಲಿ ಅಸಲಿ ನಕಲಿ ಎರಡೂ ಸೇರಿವೆ ಅಂತ ಹೇಳಿಕೆ ಕೊಟ್ಟರು. ಚುನಾವಣಾ ಪ್ರಚಾರದ ಮೇಲ್ವಿಚಾರಣೆ ಮಾಡುವ ಆಯೋಗ ಈ ಕಡತ ಪ್ರಕಟಿಸಬೇಡಿ ಅಂತ ಮಾಧ್ಯಮಗಳನ್ನು ಕೇಳಿಕೊಂಡಿತು. ದೊಡ್ಡ ಪತ್ರಿಕೆಗಳು ಆ ಮಾತಿಗೆ ಒಪ್ಪಿದವು. ಭಾನುವಾರ ಮ್ಯಾಕ್ರೋನ್ ಶೇ. 66 ಮತ ಪಡೆದರು.

ತಂತ್ರಜ್ಞಾನಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ರಾತ್ರಿಯ ತಾಳ್ಮೆ. ಕೈಗೆ ಸಿಕ್ಕಿದ್ದನ್ನೆಲ್ಲ ಮೊದಲು ಹಾಕಿ ಆಮೇಲೆ ನೋಡೋಣ ಅಂತ ಪತ್ರಕರ್ತರು ಹೋಗಲಿಲ್ಲ.

ಮೂರನೇಸಾಲು

ತಾಳ್ಮೆ ಎದುರಿನವರಿಗೂ ಇರುತ್ತೆ. 1983ರ ಜುಲೈನಲ್ಲಿ ದೆಹಲಿಯ ಪೇಟ್ರಿಯಟ್ ಪತ್ರಿಕೆಗೆ ಹೆಸರಿಲ್ಲದ 'ಅಮೆರಿಕದ ಪ್ರಸಿದ್ಧ ವಿಜ್ಞಾನಿ'ಯೊಬ್ಬನ ಪತ್ರ ಬಂತು. ಏಡ್ಸ್ ರೋಗವನ್ನು ಅಮೆರಿಕದ ಸೇನೆಯೇ ತನ್ನ ಫೋರ್ಟ್ ಡೆಟ್ರಿಕ್ ಪ್ರಯೋಗಾಲಯದಲ್ಲಿ ತಯಾರು ಮಾಡಿತು ಅಂತ ಅದರಲ್ಲಿತ್ತು. ಎರಡು ವರ್ಷ ಏನೂ ಆಗಲಿಲ್ಲ. 1985ರಲ್ಲಿ ಮಾಸ್ಕೋದ ಪತ್ರಿಕೆಯೊಂದು ಅದನ್ನು ಎತ್ತಿಕೊಂಡಿತು, 'ಭಾರತದ ಪತ್ರಿಕೆಯಲ್ಲಿ ಬಂದಿದೆ' ಅಂತ. 1987ರ ಹೊತ್ತಿಗೆ 80ಕ್ಕೂ ಹೆಚ್ಚು ದೇಶಗಳಲ್ಲಿ, 30ಕ್ಕೂ ಹೆಚ್ಚು ಭಾಷೆಗಳಲ್ಲಿ ಓಡಾಡುತ್ತಿತ್ತು. 1992ರಲ್ಲಿ ರಷ್ಯಾದ ಗುಪ್ತಚರ ಮುಖ್ಯಸ್ಥ ಪ್ರಿಮಾಕೋವ್ ಇದು ನಮ್ಮವರದೇ ಕೆಲಸ ಅಂತ ಒಪ್ಪಿಕೊಂಡರು.

ಮೂರನೆಯವರ ಬಾಯಲ್ಲಿ ಹೇಳಿಸಿದರೆ ಮಾತಿಗೆ ತೂಕ ಬರುತ್ತೆ. ಇಷ್ಟೇ ಉಪಾಯ. ಇವತ್ತು ಯಾವುದೋ ವಿಡಿಯೊ ನೋಡಿ 'ಬೇರೆ ದೇಶದವರೇ ಹೇಳುತ್ತಿದ್ದಾರೆ' ಅಂತ ನಂಬುವಾಗ ನನಗೆ ಆ ಪತ್ರ ನೆನಪಾಗುತ್ತೆ.

ದಾರಿದೀಪ

ಒಂದು ವಿಷಯ ಇನ್ನೂ ಯಾರೂ ಎತ್ತಿಲ್ಲ. ಗೂಢಚಾರ ಅಂತ ತಪ್ಪಾಗಿ ಕರೆಸಿಕೊಂಡವರ ಗತಿ ಏನು?

1994ರಲ್ಲಿ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ಬಂಧನ ಆಯಿತು. ರಾಕೆಟ್ ಎಂಜಿನ್ ರಹಸ್ಯ ಹೊರದೇಶಕ್ಕೆ ಮಾರಿದರು ಅಂತ ಆರೋಪ. 50 ದಿನ ಬಂಧನದಲ್ಲಿದ್ದರು. ಪತ್ರಿಕೆಗಳಲ್ಲಿ ದಿನಕ್ಕೊಂದು ಬಣ್ಣದ ಕಥೆ. ಈ ಗದ್ದಲ ರಾಜಕೀಯಕ್ಕೂ ಹಬ್ಬಿತು. ಪಕ್ಷದೊಳಗಿನ ಕಿತ್ತಾಟಕ್ಕೆ ಇದೇ ಅಸ್ತ್ರ ಆಗಿ 1995ರ ಮಾರ್ಚ್‌ನಲ್ಲಿ ಕೇರಳದ ಮುಖ್ಯಮಂತ್ರಿ ಕರುಣಾಕರನ್ ಕುರ್ಚಿ ಬಿಟ್ಟರು. 1996ರಲ್ಲಿ ಸಿಬಿಐ ಆರೋಪದಲ್ಲಿ ಹುರುಳಿಲ್ಲ ಅಂತ ವರದಿ ಕೊಟ್ಟಿತು. ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಹೇಳಿದ್ದು 2018ರ ಸೆಪ್ಟೆಂಬರ್ 14ಕ್ಕೆ. ಬಂಧನ ಆಗಿ ಸುಮಾರು 24 ವರ್ಷ! ಒಬ್ಬ ಮನುಷ್ಯನ ಇಡೀ ವೃತ್ತಿಜೀವನ ಅಲ್ಲಿಗೆ ಮುಗಿದಿತ್ತು.

ಅದಕ್ಕೂ ನೂರು ವರ್ಷ ಹಿಂದೆ ಹೋದರೆ ಫ್ರಾನ್ಸಿನ ಸೇನಾಧಿಕಾರಿ ಡ್ರೇಫಸ್. ಪ್ಯಾರಿಸ್ಸಿನ ಜರ್ಮನ್ ರಾಯಭಾರ ಕಚೇರಿಯಲ್ಲಿ ಗುಡಿಸುವ ಹೆಂಗಸು ಕಸದ ಬುಟ್ಟಿಯ ಕಾಗದ ಚೂರುಗಳನ್ನು ಫ್ರೆಂಚ್ ಗುಪ್ತಚರರಿಗೆ ತಂದುಕೊಡುತ್ತಿದ್ದಳು. 1894ರಲ್ಲಿ ಹಾಗೆ ಬಂದ ಒಂದು ಕಾಗದದಲ್ಲಿ ಸೇನೆಯ ರಹಸ್ಯಗಳ ಪಟ್ಟಿ ಇತ್ತು. ಸೇನೆಯಲ್ಲಿ ಒಬ್ಬ ದ್ರೋಹಿ ಇದ್ದದ್ದು ನಿಜ. ಕೈಬರಹ ಹೋಲುತ್ತೆ ಅಂತ ಹಿಡಿದಿದ್ದು ಡ್ರೇಫಸ್ ಅನ್ನು, ಯಾಕೆಂದರೆ ಅವನು ಯಹೂದಿ, ಅನುಮಾನ ಪಡೋದು ಸುಲಭ. ಎರಡು ವರ್ಷದಲ್ಲಿ ಪಿಕಾರ್ ಅನ್ನೋ ಅಧಿಕಾರಿ ನಿಜವಾದ ಕಳ್ಳ ಎಸ್ಟರ್‌ಹಾಜಿ ಅಂತ ಕಂಡುಹಿಡಿದ. ಸೇನೆ ಪಿಕಾರ್‌ನನ್ನೇ ಟ್ಯುನೀಷಿಯಾಕ್ಕೆ ಅಟ್ಟಿತು. ತೀರ್ಪು ರದ್ದಾಗಿದ್ದು 1906ರಲ್ಲಿ. ಅಷ್ಟೂ ದಿನ ಅಸಲಿ ಗೂಢಚಾರನಿಗೆ ಶಿಕ್ಷೆಯೇ ಆಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇವತ್ತು ಯಾರ ಅಭಿಪ್ರಾಯ ಹಿಡಿಸದಿದ್ದರೂ 'ವಿದೇಶಿ ಏಜೆಂಟ್' ಅಂದುಬಿಡುತ್ತೇವೆ. ಈ ಮಾತು ಎಷ್ಟು ಅಗ್ಗ ಆಗಿದೆ ಅಂದರೆ, ನಿಜವಾದ ಏಜೆಂಟ್ ಪಕ್ಕದಲ್ಲೇ ನಿಂತರೂ ಗುರುತು ಸಿಗೋದಿಲ್ಲ. ನನಗೆ ಇದು ಬಹಳ ನೋವಿನ ವಿಷಯ. ದಯವಿಟ್ಟು ಯಾರ ಹೆಸರಿಗೂ ಆ ಮಾತು ಅಂಟಿಸುವ ಮೊದಲು ದುಡ್ಡಿನ ಜಾಡು, ಕಾಗದಪತ್ರ, ಸಾಕ್ಷಿ ಏನಿದೆ ಅಂತ ಕೇಳಿ.

ಸಂಜೆಮಲ್ಲಿಗೆ

ದಾರಿದೀಪ ಮೇಡಂ ಬರೆದದ್ದು ಓದಿದ ಮೇಲೆ ನನ್ನದೊಂದು ಅನುಭವ ಹೇಳುವ ಧೈರ್ಯ ಬಂತು.

ನಾನು ಸರ್ಕಾರದ ನೀತಿಗಳ ಮೇಲೆ ಬರೆಯುತ್ತೇನೆ. ಕೆಲವು ವರ್ಷದ ಹಿಂದೆ ಒಂದು ವೃತ್ತಿ ಜಾಲತಾಣದಲ್ಲಿ ಸಂದೇಶ ಬಂತು. ನಿಮ್ಮ ಲೇಖನ ಇಷ್ಟವಾಯಿತು, ನಮ್ಮದು ಸಲಹಾ ಸಂಸ್ಥೆ, ನಾಲ್ಕು ಪುಟದ ವರದಿ ಬರೆದುಕೊಡಿ ಅಂತ. ವಿಷಯ ಎಲ್ಲರಿಗೂ ಗೊತ್ತಿರುವಂಥದ್ದೇ. ಬರೆದೆ. ನಾನು ಕೇಳಿದ್ದಕ್ಕಿಂತ ಜಾಸ್ತಿ ದುಡ್ಡು, ಅದೂ ಮರುದಿನವೇ ಬಂತು. ಇಷ್ಟು ಬೇಗ ದುಡ್ಡು ಕೊಡುವ ಯಾರನ್ನೂ ಈ ಕೆಲಸದಲ್ಲಿ ನಾನು ನೋಡಿಲ್ಲ. ಎರಡನೆಯ ವರದಿ ಸ್ವಲ್ಪ ಆಳ. ಮೂರನೆಯದಕ್ಕೆ ಬಂದ ಪ್ರಶ್ನೆ ಹೀಗಿತ್ತು: ಈ ನೀತಿಯ ಬಗ್ಗೆ ಒಳಗೆ ಯಾರಿಗೆ ಅಸಮಾಧಾನ ಇದೆ, ಅವರಲ್ಲಿ ನಿಮಗೆ ಪರಿಚಯ ಇರುವವರು ಯಾರು?

ಆ ಸಾಲು ಓದಿ ಕೈ ತಣ್ಣಗಾಯಿತು. ಉತ್ತರ ಬರೆಯಲಿಲ್ಲ. ಮರುವಾರ ಆ ಖಾತೆಯೇ ಇರಲಿಲ್ಲ. ಅವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಯಾರ ಮೇಲೂ ಆರೋಪ ಮಾಡುತ್ತಿಲ್ಲ.

ಆಮೇಲೆ ಸಿಂಗಾಪುರದ ಡಿಕ್ಸನ್ ಯೋ ಪ್ರಕರಣ ಓದಿದಾಗ ನನ್ನ ಕಥೆಯನ್ನೇ ಓದಿದ ಹಾಗಾಯಿತು. ಚೀನಾದ ಗುಪ್ತಚರರಿಗಾಗಿ ಕೆಲಸ ಮಾಡಿದೆ ಅಂತ ಅವನು 2020ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಒಪ್ಪಿಕೊಂಡ. ಸುಳ್ಳು ಸಲಹಾ ಸಂಸ್ಥೆಯ ಹೆಸರಲ್ಲಿ ಉದ್ಯೋಗ ಜಾಹೀರಾತು ಹಾಕಿದ್ದ. 400ಕ್ಕೂ ಹೆಚ್ಚು ಜನ ತಮ್ಮ ರೆಸ್ಯೂಮೆ ಕಳಿಸಿದ್ದರು. ಅವರಲ್ಲಿ ಬಹುಪಾಲು ಅಮೆರಿಕದ ಸೇನೆಯ, ಸರ್ಕಾರದ ನೌಕರರು. ಅವನು ಹುಡುಕುತ್ತಿದ್ದದ್ದು ಸಾಲ ಇರುವವರನ್ನು, ಕೆಲಸದಲ್ಲಿ ಬೇಸರ ಇರುವವರನ್ನು. ಅವನಿಗೆ 14 ತಿಂಗಳ ಶಿಕ್ಷೆ ಆಯಿತು.

ಹಳೇಕಡತ ಅವರು ಕೇಳಿದ ಬಾಗಿಲು ನನ್ನ ಪ್ರಕಾರ ಇದೇ. ಮೆಚ್ಚುಗೆ, ಸಣ್ಣ ದುಡ್ಡು, ನಿಧಾನವಾಗಿ ಏರುವ ಪ್ರಶ್ನೆಗಳು. ಮೊದಲ ಮೆಟ್ಟಿಲಲ್ಲಿ ತಪ್ಪು ಅಂತ ಅನ್ನಿಸುವಂಥದ್ದು ಏನೂ ಇರೋದಿಲ್ಲ. ಇಂಥ ಸಂದೇಶ ಬಂದರೆ ಮನೆಯವರಿಗೋ ಜೊತೆಯಲ್ಲಿ ಕೆಲಸ ಮಾಡುವವರಿಗೋ ಆ ದಿನವೇ ಹೇಳಿಬಿಡಿ. ನಾನು ನಾಚಿಕೆಯಿಂದ ಎರಡು ವರ್ಷ ಯಾರಿಗೂ ಹೇಳಿರಲಿಲ್ಲ.

ನೀಲಿಶಾಯಿ

ಸಂಜೆಮಲ್ಲಿಗೆ ಅವರೇ, ಹೇಳಿದ್ದು ದೊಡ್ಡ ಕೆಲಸ. ನಾಚಿಕೆ ಪಡುವಂಥದ್ದು ನೀವೇನೂ ಮಾಡಿಲ್ಲ. ಮೂರನೇ ಪ್ರಶ್ನೆಗೆ ನಿಂತಿರಲ್ಲ, ಎಷ್ಟೋ ಜನ ಅಲ್ಲಿ ನಿಲ್ಲೋದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಎದುರಾಳಿಯ ರಾಜ್ಯದಲ್ಲಿ ಯಾರನ್ನು ಒಲಿಸಿಕೊಳ್ಳಬಹುದು ಅಂತ ಪಟ್ಟಿ ಇದೆ: ಸಿಟ್ಟಾದವರು, ಹೆದರಿದವರು, ಆಸೆಬುರುಕರು, ಅಹಂಕಾರಿಗಳು. ಎರಡೂ ಕಡೆ ಸಂಬಳ ತೆಗೆದುಕೊಳ್ಳುವವನಿಗೆ 'ಉಭಯವೇತನ' ಅಂತ ಹೆಸರೇ ಇಟ್ಟಿದ್ದಾನೆ. ಯೋ ಹುಡುಕಿದ್ದೂ ಇದೇ ಜನರನ್ನು.

ಅಳತೆಗೋಲು

ಇನ್ನು ದುಡ್ಡಿನ ವಿಷಯಕ್ಕೆ ಬರೋಣ. ಸಾಕ್ಷಿ ಉಳಿಯೋದು ಹೆಚ್ಚಾಗಿ ಅಲ್ಲೇ.

ಆಸ್ಟ್ರೇಲಿಯಾದ ಸೆನೆಟರ್ ಸ್ಯಾಮ್ ದಸ್ತಿಯಾರಿಯ ಪತನ ಶುರುವಾಗಿದ್ದು 1,670 ಆಸ್ಟ್ರೇಲಿಯನ್ ಡಾಲರ್‌ನ ಪ್ರಯಾಣದ ಬಿಲ್‌ನಿಂದ. ಚೀನಾ ನಂಟಿನ ಸಂಸ್ಥೆಯೊಂದು ಅದನ್ನು ಕಟ್ಟಿತ್ತು. ಆಮೇಲೆ ಚೀನಾ ಮೂಲದ ದಾನಿಯೊಬ್ಬನ ಜೊತೆಗಿನ ಸಂಬಂಧ ಒಂದೊಂದಾಗಿ ಹೊರಬಂದು 2017ರ ಡಿಸೆಂಬರ್‌ನಲ್ಲಿ ಅವರು ರಾಜೀನಾಮೆ ಘೋಷಿಸಿದರು. ಮರುವರ್ಷವೇ ಅಲ್ಲಿ ಕಾನೂನು ಬಂತು. ಹೊರದೇಶದವರ ಪರವಾಗಿ ರಾಜಕೀಯ ಕೆಲಸ ಮಾಡುವವರು ಹೆಸರು ನೋಂದಾಯಿಸಬೇಕು. ಅಮೆರಿಕದಲ್ಲಿ ಇಂಥ ಕಾನೂನು 1938ರಿಂದಲೇ ಇದೆ. ಅದೇ ಅಮೆರಿಕದಲ್ಲಿ 2022ರಲ್ಲಿ ಸೆನೆಟರ್ ಬಾಬ್ ಮೆನೆಂಡೆಜ್ ಮನೆ ಶೋಧಿಸಿದಾಗ ಚಿನ್ನದ ಗಟ್ಟಿಗಳು ಸಿಕ್ಕವು. 4,80,000 ಡಾಲರ್‌ಗೂ ಹೆಚ್ಚು ನಗದು ಸಿಕ್ಕಿತು, ಕೆಲವು ಕಂತೆ ಅವರದೇ ಹೆಸರು ಹೊಲಿದ ಜಾಕೆಟ್‌ನ ಜೇಬಲ್ಲಿ. ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದವರು ಅವರು. ಲಂಚದ ಜೊತೆಗೆ ಈಜಿಪ್ಟ್ ಸರ್ಕಾರದ ಪರ ಕೆಲಸ ಮಾಡಿದ ಅಪರಾಧವೂ ಸಾಬೀತಾಗಿ 2025ರ ಜನವರಿಯಲ್ಲಿ 11 ವರ್ಷ ಶಿಕ್ಷೆ ಆಯಿತು.

ಭಾರತದಲ್ಲಿ ಪಕ್ಷಗಳು, ಅಭ್ಯರ್ಥಿಗಳು ವಿದೇಶಿ ದೇಣಿಗೆ ತೆಗೆದುಕೊಳ್ಳಬಾರದು ಅಂತ 1976ರಲ್ಲೇ ಕಾನೂನು ಆಯಿತು. 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಎರಡು ದೊಡ್ಡ ರಾಷ್ಟ್ರೀಯ ಪಕ್ಷಗಳೂ ಇದನ್ನು ಮುರಿದಿವೆ ಅಂತ ಹೇಳಿತು. ಆಮೇಲೆ ಏನಾಯಿತು? 2016ರ ಹಣಕಾಸು ಕಾಯ್ದೆಯಲ್ಲಿ 'ವಿದೇಶಿ ಮೂಲ' ಅನ್ನೋದರ ಅರ್ಥವನ್ನೇ ಬದಲಾಯಿಸಿ 2010ರಿಂದ ಅನ್ವಯ ಮಾಡಿದರು. 2018ರಲ್ಲಿ ಅದನ್ನು 1976ರವರೆಗೆ ಹಿಂದಕ್ಕೆ ಎಳೆದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯೋರು ಯಾರು? ಇದು ಪಕ್ಷದ ಮಾತಲ್ಲ, ಎರಡೂ ಕಡೆಯವರಿಗೂ ಅನುಕೂಲ ಆಯಿತು. ಅದಕ್ಕೇ ಗಲಾಟೆಯೂ ಆಗಲಿಲ್ಲ.

ಮೂರನೇಸಾಲು

ರುಮೇನಿಯಾದ ಕಥೆಯನ್ನೂ ಸೇರಿಸಿ. 2024ರ ನವೆಂಬರ್ 24ರಂದು ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು. ಪ್ರಚಾರಕ್ಕೆ ಸೊನ್ನೆ ಖರ್ಚು ಅಂತ ಲೆಕ್ಕ ಕೊಟ್ಟ ಕ್ಯಾಲಿನ್ ಜಾರ್ಜೆಸ್ಕು ಸುಮಾರು ಶೇ. 23 ಮತ ಪಡೆದು ಮೊದಲ ಸ್ಥಾನಕ್ಕೆ ಬಂದರು. ಮತದಾನಕ್ಕೆ ಎರಡು ವಾರ ಇರುವಾಗ ಸುಮಾರು 25,000 ಟಿಕ್‌ಟಾಕ್ ಖಾತೆಗಳು ಒಮ್ಮೆಲೇ ಚುರುಕಾದವು ಅಂತ ಅಲ್ಲಿನ ಗುಪ್ತಚರ ಸಂಸ್ಥೆ ಹೇಳಿತು. ಡಿಸೆಂಬರ್ 6ರಂದು ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಆಮೇಲೆ ಅಲ್ಲಿನ ಪತ್ರಕರ್ತರು ತೆರಿಗೆ ಇಲಾಖೆಯ ತನಿಖೆ ಹಿಡಿದು ವರದಿ ಮಾಡಿದರು: ಅವರಿಗೆ ಲಾಭವಾದ ಒಂದು ಟಿಕ್‌ಟಾಕ್ ಪ್ರಚಾರಕ್ಕೆ ದುಡ್ಡು ಕೊಟ್ಟಿದ್ದು ಅದೇ ದೇಶದ ಒಂದು ದೊಡ್ಡ ಪಕ್ಷ!

ಲಕ್ಷಾಂತರ ಜನ ಹಾಕಿದ ಮತ ರದ್ದಾಗೋದು ಸಣ್ಣ ಮಾತಲ್ಲ. ಅಂಥ ತೀರ್ಮಾನಕ್ಕೆ ಸಾಕ್ಷಿಯೂ ಅಷ್ಟೇ ಗಟ್ಟಿಯಾಗಿ ಜನರ ಮುಂದೆ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತೆ.

ರಾತ್ರಿಪಾಳಿ

ಬರೀ ರಷ್ಯಾ, ಚೀನಾ ಅಂತ ಹೋಗಬೇಡಿ. 1964ರ ಚಿಲಿ ಚುನಾವಣೆಯಲ್ಲಿ ಗೆದ್ದ ಎಡ್ವಾರ್ಡೊ ಫ್ರೇ ಅವರ ಪ್ರಚಾರದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಿಐಎ ಕೊಟ್ಟಿದ್ದು ಅಂತ ಅಮೆರಿಕದ ಸೆನೆಟ್ ಸಮಿತಿಯೇ 1975ರಲ್ಲಿ ಬರೆದಿದೆ. 1946ರಿಂದ 2000ದವರೆಗೆ ಬೇರೆ ದೇಶದ ಚುನಾವಣೆಗೆ ಕೈ ಹಾಕಿದ್ದನ್ನು ಸಂಶೋಧಕ ಡೋವ್ ಲೆವಿನ್ ಎಣಿಸಿದ್ದಾರೆ. ಅಮೆರಿಕ 81 ಸಲ, ಸೋವಿಯತ್ ಮತ್ತು ರಷ್ಯಾ ಸೇರಿ 36 ಸಲ. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಚಿಲಿಯ ವಿಷಯ ಹೊರಬಂದಿದ್ದು ಅಮೆರಿಕದ ಸಂಸತ್ತೇ ತನ್ನ ಗೂಢಚಾರರನ್ನು ಕೂರಿಸಿ ಪ್ರಶ್ನೆ ಕೇಳಿದ್ದರಿಂದ.

ಹಳೇಕಡತ

ಎಲ್ಲರಿಗೂ ಥ್ಯಾಂಕ್ಸ್. ನಾನು ಶುರು ಮಾಡಿದಾಗ ತಲೆಯಲ್ಲಿದ್ದದ್ದಕ್ಕಿಂತ ಬಹಳ ದೂರ ಬಂದಿದ್ದೇವೆ. ದಾರಿದೀಪ ಅವರ ಮಾತು ನನ್ನ ಯೋಚನೆಯನ್ನು ತಿದ್ದಿದೆ. ಬಿರುಕಿಗೆ ಬೆರಳು ಹಾಕುವವರು ಹೊರಗಿನವರು ಮಾತ್ರ ಅಂತ ಬರೆದಿದ್ದೆ. 'ಗೂಢಚಾರ' ಅನ್ನೋ ಕೂಗೂ ಅದೇ ಕೆಲಸ ಮಾಡುತ್ತೆ.

ನಾನೇ ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತು, ಹೇಳಿಬಿಡುತ್ತೇನೆ. ಗಿಯೋಮ್ ಯಾರ ಕಣ್ಣಿಗೂ ಬೀಳಲಿಲ್ಲ ಅಂತ ಬರೆದಿದ್ದು ತಪ್ಪು. 1950ರ ದಶಕದಲ್ಲಿ ಸ್ಟಾಸಿ ತನ್ನವರಿಗೆ ರೇಡಿಯೊದಲ್ಲಿ ಸಂಕೇತದ ಸಂದೇಶ ಕಳಿಸುತ್ತಿತ್ತು. ಅದರಲ್ಲಿ ಹುಟ್ಟುಹಬ್ಬದ ಶುಭಾಶಯಗಳೂ ಇದ್ದವು. ದೂರದಲ್ಲಿ ಒಂಟಿಯಾಗಿ ಕೆಲಸ ಮಾಡುವವರಿಗೆ ಖುಷಿಯಾಗಲಿ ಅಂತ. 1957ರ ಏಪ್ರಿಲ್‌ನಲ್ಲಿ ಒಂದು ಸಂದೇಶ ಬಂತು: 'ಎರಡನೇ ಗಂಡಸು ಬಂದದ್ದಕ್ಕೆ ಅಭಿನಂದನೆ'. ಪಶ್ಚಿಮ ಜರ್ಮನಿಯವರು ಈ ಸಂದೇಶಗಳನ್ನು ಹಿಡಿದು ಬಿಡಿಸಿದ್ದರು. ಯಾರಿಗೆ ಅಂತ ಮಾತ್ರ ಗೊತ್ತಾಗಲಿಲ್ಲ. ಕಡತ ಹಾಗೇ ಬಿದ್ದಿತ್ತು.

1973ರಲ್ಲಿ ಒಬ್ಬ ಅಧಿಕಾರಿಗೆ ಮೂರು ಬೇರೆ ಬೇರೆ ಪ್ರಕರಣದ ಕಾಗದಗಳಲ್ಲಿ ಗಿಯೋಮ್ ಅನ್ನೋ ಹೆಸರು ಕಣ್ಣಿಗೆ ಬಿತ್ತು. ಹಳೇ ಸಂದೇಶ ತೆಗೆದು ತಾರೀಖು ಪಕ್ಕ ಪಕ್ಕ ಇಟ್ಟರು. ಗಂಡನ ಹುಟ್ಟುಹಬ್ಬ ಹೊಂದಿತು. ಹೆಂಡತಿಯದು ಹೊಂದಿತು. 1957ರ ಏಪ್ರಿಲ್‌ನಲ್ಲಿ ಅವರಿಗೆ ಗಂಡು ಮಗು ಹುಟ್ಟಿತ್ತು. ಅದೂ ಹೊಂದಿತು. ಮೇ ತಿಂಗಳಲ್ಲಿ ಬ್ರಾಂಟ್‌ಗೆ ಹೇಳಿದರು. ಸಾಕ್ಷಿ ಸಾಲದು, ಅವನನ್ನು ಅಲ್ಲೇ ಬಿಡಿ, ಕಣ್ಣಿಡೋಣ ಅಂತ ಸಲಹೆ ಕೊಟ್ಟವರೂ ಆ ಗುಪ್ತಚರ ಅಧಿಕಾರಿಗಳೇ. ನಾರ್ವೆಯ ರಜೆ ಆಗಿದ್ದು ಇದಾದ ಮೇಲೆ.

ಸುಮಾರು ಒಂದು ವರ್ಷ ಕಣ್ಣಿಟ್ಟರೂ ಕೋರ್ಟಿಗೆ ತೋರಿಸುವಂಥದ್ದು ಹೆಚ್ಚೇನೂ ಸಿಗಲಿಲ್ಲ. ಕೊನೆಗೆ ಬಂಧಿಸಲು ಬಂದವರ ಮುಂದೆ ಗಿಯೋಮ್ ತಾನಾಗಿಯೇ ಹೇಳಿಬಿಟ್ಟ, ನಾನು ಪೂರ್ವ ಜರ್ಮನಿಯ ಸೇನಾಧಿಕಾರಿ, ಅಧಿಕಾರಿಯ ಮರ್ಯಾದೆ ಕೊಡಿ ಅಂತ. ಅವನ ವಿರುದ್ಧದ ಗಟ್ಟಿ ಸಾಕ್ಷಿ ಆ ಮಾತೇ ಆಯಿತು.

ಆ ಬೆಳಿಗ್ಗೆ ಮಗನೂ ಮನೆಯಲ್ಲೇ ಇದ್ದ. ಆಗಷ್ಟೇ ಹದಿನೇಳು ತುಂಬಿತ್ತು. ಅಪ್ಪ ಅಮ್ಮ ಯಾರು ಅಂತ ಅವನಿಗೆ ಗೊತ್ತಾಗಿದ್ದು ಆವತ್ತೇ.